ಕೊನೆಯ ತೊಳೆನೀರಿಗೆ ಸರಿ, ಬಣ್ಣದ ಹೌದಿಗಲ್ಲ: ನೈಟ್ರೋಜನ್ ಡೋಪ್ ಮಾಡಿದ ಟೈಟಾನಿಯಾ ಪುಡಿ

ಸೊಲ್ಲಾಪುರದಲ್ಲಿ ಟವೆಲ್, ಚಾದರದ ನೂಲಿಗೆ ಬಣ್ಣ ಹಾಕುವ ಚಿಕ್ಕ ಘಟಕಗಳಿಗೆ ‘ಕೊಳೆನೀರಿನ ಬಣ್ಣ ಬಿಸಿಲಲ್ಲೇ ಕಳೆಯುತ್ತದೆ’ ಎಂದು ಮಾರುವ ಪುಡಿ ಇದು: ಚೂರು ನೈಟ್ರೋಜನ್ ಸೇರಿಸಿದ (ಡೋಪ್ ಮಾಡಿದ) ಟೈಟಾನಿಯಾ, ಅಂದರೆ ಟೈಟಾನಿಯಂ ಡೈಆಕ್ಸೈಡ್. ಪುಡಿ ಕೆಲಸ ಮಾಡುತ್ತದೆ, ಸರಿಯಾದ ನೀರಿಗೆ ಹಾಕಿದರೆ.

ಸಾದಾ ಅನಾಟೇಸ್ (ಟೈಟಾನಿಯಾದ ಒಂದು ಹರಳು ರೂಪ) ಅಚ್ಚ ಬಿಳಿ. ಅದು ಕೆಲಸ ಮಾಡಲು ಸುಮಾರು 387 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕೇ ಬೇಕು; ಬಿಸಿಲಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ನೈಟ್ರೋಜನ್ ಸೇರಿದಾಗ ಪುಡಿ ತಿಳಿಹಳದಿಯಾಗಿ ನೀಲಿ ಬೆಳಕನ್ನೂ ಸ್ವಲ್ಪ ಹೀರುತ್ತದೆ. ಆದ್ದರಿಂದ ಅಚ್ಚ ಬಿಳಿ ಪುಡಿ ಬಂದರೆ ವಾಪಸ್ ಕಳಿಸಿ. ಮಾರುವವರು ತೋರಿಸುವ ವರದಿಯಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪರೀಕ್ಷೆ ಒಂದೇ ಇದ್ದರೆ ಅದೂ ಸಾಲದು: ಆ ಬಣ್ಣ ತಾನೇ ಬೆಳಕು ಹೀರಿ ಪುಡಿಗೆ ಎಲೆಕ್ಟ್ರಾನ್ ದಾಟಿಸಿ ಮಾಸುತ್ತದೆ, ಪುಡಿಯ ಶಕ್ತಿ ಗೊತ್ತಾಗುವುದಿಲ್ಲ. ಫಿನಾಲ್‌ನಂಥ ಬಣ್ಣವಿಲ್ಲದ ವಸ್ತುವಿನ ಮೇಲಿನ ಪರೀಕ್ಷೆ ಕೇಳಿ.

ಲೀಟರ್‌ಗೆ ಅರ್ಧದಿಂದ 1 ಗ್ರಾಂ ಸಾಕು. ಹೆಚ್ಚಿದರೆ ನೀರು ಹಾಲಿನಂತಾಗಿ ಬೆಳಕು ಮೇಲ್ಪದರದಲ್ಲೇ ನಿಲ್ಲುತ್ತದೆ. ಅಗಲವಾದ ತೊಟ್ಟಿಯಲ್ಲಿ ನೀರಿನ ಆಳ 5 ಸೆಂಟಿಮೀಟರ್ ದಾಟಬಾರದು, ಮೀನಿನ ತೊಟ್ಟಿಯ ಗಾಳಿ ಪಂಪ್ ಇಡೀ ಹೊತ್ತು ಓಡುತ್ತಿರಬೇಕು. ಮೊದಲ ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ಬಿಸಿಲಿಗೆ ತೆರೆಯಿರಿ. ಮುಚ್ಚಿಟ್ಟಾಗಲೇ ಬಣ್ಣ ಇಳಿದರೆ ಅದು ಪುಡಿಗೆ ಅಂಟಿಕೊಂಡಿದೆ ಅಷ್ಟೇ, ಒಡೆದಿಲ್ಲ.

ಸೋಲು ಕಾಣುವುದು ರಿಯಾಕ್ಟಿವ್ ಡೈಯ (ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆಯುವ ಬಣ್ಣದ) ಹೌದಿನಲ್ಲಿ. ಅಲ್ಲಿ ಲೀಟರ್‌ಗೆ ಹತ್ತಾರು ಗ್ರಾಂ ಉಪ್ಪು, ಜೊತೆಗೆ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್), ಪಿಎಚ್ 11ರ ಆಸುಪಾಸು. ಬೆಳಕು ಬಿದ್ದ ಪುಡಿಯಿಂದ ಹುಟ್ಟಿ ಬಣ್ಣ ಒಡೆಯಬೇಕಾದ ಚುರುಕು ಕಣಗಳಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಕ್ಲೋರೈಡ್, ಕಾರ್ಬೊನೇಟ್‌ಗಳೇ ನುಂಗುತ್ತವೆ. ಇಷ್ಟು ಕ್ಷಾರದಲ್ಲಿ ಪುಡಿಯ ಮೈ ಋಣ ಆವೇಶದ್ದು, ರಿಯಾಕ್ಟಿವ್ ಬಣ್ಣವೂ ಋಣ ಆವೇಶದ್ದು. ಹತ್ತಿರ ಬಂದು ಅಂಟುವುದೇ ಇಲ್ಲ. ಮೇಲಾಗಿ ಕಡುಬಣ್ಣದ ನೀರಿನಲ್ಲಿ ಬೆಳಕು ಒಳಗಿಳಿಯುವುದಿಲ್ಲ. ಎಷ್ಟು ಪುಡಿ ಸುರಿದರೂ ದುಡ್ಡು ದಂಡ.

ಉಪ್ಪು ಹೋದ ಕೊನೆಯ ಒಂದೆರಡು ತೊಳೆನೀರನ್ನು ಬೇರೆ ಹಿಡಿದು, ಪಿಎಚ್ 4–5ಕ್ಕೆ ಇಳಿಸಿ. ಇದಕ್ಕೆ ತೆಳುವಾಗಿಸಿದ (ಸಾರರಿಕ್ತ) ಸಲ್ಫ್ಯೂರಿಕ್ ಆಮ್ಲ ಬಳಸಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಡೈಹೌಸ್‌ನಲ್ಲಿ ಕೈಗೆ ಸಿಗುವ ಅಸಿಟಿಕ್ ಆಮ್ಲ ಬೇಡ, ಅದೇ ಸಾವಯವ ವಸ್ತು, ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ಏರುತ್ತದೆ. ಬೋರ್ ನೀರು ಗಡುಸಾಗಿದ್ದರೆ ಅದರ ಬೈಕಾರ್ಬೊನೇಟ್ ಕೂಡ ಈ ಹಂತದಲ್ಲೇ ಗಾಳಿಯಾಗಿ ಹೋಗುತ್ತದೆ.

ಪುಡಿಯನ್ನು ವಾಪಸ್ ಹಿಡಿಯುವುದು ನಿಜವಾದ ಕಷ್ಟ. ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಸಾದಾ ಫಿಲ್ಟರ್ ಕಾಗದದಲ್ಲೂ ಸೋರುತ್ತದೆ. ಕೆಲಸ ಮುಗಿದ ಮೇಲೆ ಚೂರು ಸೋಡಾ ಆಶ್ ಹಾಕಿ ಪಿಎಚ್ 6–6.5ಕ್ಕೆ ತಂದರೆ ಕಣಗಳು ಗುಂಪಾಗಿ ರಾತ್ರಿ ಕಳೆಯುವಷ್ಟರಲ್ಲಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿನೀರನ್ನು ಸೈಫನ್ ಮಾಡಿ. ಪುಡಿ ಕಂದು ಬಣ್ಣಕ್ಕೆ ತಿರುಗಿದರೆ ತೊಳೆದು 350 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಬಹುದು. 500 ದಾಟಿಸಿದರೆ ನೈಟ್ರೋಜನ್ ಹೊರಬೀಳತೊಡಗಿ ಪುಡಿ ಬಿಳಿಯಾಗುತ್ತದೆ, ಹೆಚ್ಚಿಗೆ ಕೊಟ್ಟ ಬೆಲೆಯೂ ಹೋದಂತೆ. ಒಣ ಪುಡಿ ಮುಟ್ಟುವಾಗ ಒಳ್ಳೆಯ ಮಾಸ್ಕ್ ಇರಲೇಬೇಕು.

ನೀರು ತಿಳಿಯಾದ ಕೂಡಲೇ ನಾಲೆಗೆ ಬಿಡಬೇಡಿ. ಬಣ್ಣ ಕೊಡುವ ಬಂಧ ಮೊದಲು ಮುರಿಯುತ್ತದೆ, ಉಳಿದ ಚೂರುಗಳು ಕಣ್ಣಿಗೆ ಕಾಣದೆ ನೀರಲ್ಲೇ ಇರುತ್ತವೆ. ಮುಂಚಿನ, ನಂತರದ ಎರಡೂ ಮಾದರಿ ಸಿಒಡಿ ಪರೀಕ್ಷೆಗೆ ಹೋಗಲಿ. ಸಿಒಡಿ ಇಳಿಯದಿದ್ದರೆ ಬಿಸಿಲಿನ ಹೊತ್ತು ಹೆಚ್ಚಿಸಬೇಕು. ಮೊದಲ ಸಲಕ್ಕೆ 100 ಗ್ರಾಂ ಪೊಟ್ಟಣವೇ ಸಾಕು.