'ಕೈಂಡ್ ಆಫ್ ಬ್ಲೂ': ಎಲ್‌ಪಿ, ಸಿಡಿ, ಸ್ಟ್ರೀಮಿಂಗ್ – ನನ್ನ ಓಟು ಸಿಡಿಗೆ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಬೇಕು ಅಂದರೆ 1997ರ ಸಿಡಿ ಹುಡುಕಿ ತಗೊಳ್ಳಿ. ನನ್ನ ಹತ್ತಿರ ಯುರೋಪಿನಲ್ಲಿ ಹೊಸದಾಗಿ ಒತ್ತಿದ ಅಗ್ಗದ ಎಲ್‌ಪಿ (ಗ್ರಾಮಫೋನ್ ತಟ್ಟೆ) ಇದೆ, ಸೆಕೆಂಡ್‌ಹ್ಯಾಂಡ್ ಸಿಡಿ ಇದೆ, ಫೋನಿನಲ್ಲಿ ಸ್ಟ್ರೀಮಿಂಗ್ ಇದ್ದೇ ಇದೆ. 1959ರ ಈ ಆಲ್ಬಮ್ ಎಷ್ಟು ದೊಡ್ಡದು ಅಂತ ಮತ್ತೆ ಬರೆಯುವುದು ಬೇಡ, ಅಲ್ವಾ?

ಎಲ್‌ಪಿ ನೋಡುವುದಕ್ಕೆ ಚೆನ್ನಾಗಿದೆ. ಗೀರಿಲ್ಲ, ಚರಪರ ಸದ್ದಿಲ್ಲ. ತಕರಾರು ಶುರುವಾಗುವುದು ಕೀಬೋರ್ಡ್ ಮುಂದೆ ಕೂತಾಗ. ನನಗೆ ರೆಕಾರ್ಡ್ ಜೊತೆ ನುಡಿಸುವ ಚಾಳಿ. ಅದಕ್ಕೆ ಮೊದಲ ಹಾಡು 'ಸೋ ವಾಟ್' ಹೇಳಿ ಮಾಡಿಸಿದ ಹಾಗಿದೆ. ಡಿ ಡೋರಿಯನ್, ಅಂದರೆ ಎರಡು ಮನೆ ಶ್ರುತಿಯಲ್ಲಿ ಖರಹರಪ್ರಿಯದ ಸ್ವರಗಳು. ಬರೀ ಬಿಳಿ ಮನೆಗಳು ಸಾಕು. 16 ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಹೀಗೆ, ಆಮೇಲೆ 8 ಬಾರ್ ಎಲ್ಲವೂ ಅರ್ಧ ಮನೆ ಮೇಲೆ, ಮತ್ತೆ 8 ಬಾರ್ ಕೆಳಗೆ. ನಮ್ಮ ಕಛೇರಿಯಲ್ಲಿ ಪಲ್ಲವಿಯ ಮಧ್ಯೆ ತಂಬೂರಿಯನ್ನೇ ಅರ್ಧ ಮನೆ ಏರಿಸಿದರೆ ಪಿಟೀಲಿನವರು ಎದ್ದು ಹೋಗುತ್ತಾರೆ. ಇಲ್ಲಿ ಮಜಾ ಇರುವುದೇ ಅದರಲ್ಲಿ.

ಪಾಲ್ ಚೇಂಬರ್ಸ್‌ನ ಬೇಸ್ ಒಂದು ಮಾತು ಎತ್ತುತ್ತದೆ, ಉಳಿದವರು ಎರಡು ಕಾರ್ಡ್‌ನಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಜವಾಬು ಕೊಡುತ್ತಾರೆ. ಅದೇ ಎರಡು ಕಾರ್ಡ್ ನಾನೂ ಒತ್ತಿದರೆ ಅಪಸ್ವರ. ಎಲ್‌ಪಿಯ ಶ್ರುತಿ ಎರಡು ಮನೆಯೂ ಅಲ್ಲ, ಎರಡೂವರೆಯೂ ಅಲ್ಲ, ಮಧ್ಯೆ ಎಲ್ಲೋ ಇದೆ. ಟರ್ನ್‌ಟೇಬಲ್ ಜೋರಾಗಿ ಓಡುತ್ತಿದೆ ಅಂತ ಬೆಲ್ಟ್ ನೋಡಿದ್ದಾಯಿತು. ತಟ್ಟೆ ತಿರುಗಿಸಿ ಎರಡನೇ ಬದಿಯ 'ಆಲ್ ಬ್ಲೂಸ್' ಹಾಕಿದರೆ ಕೀಬೋರ್ಡ್ ಜೊತೆ ಸರಿಯಾಗಿ ಕೂಡುತ್ತದೆ! ಒಂದೇ ಮಷೀನು, ಒಂದೇ ತಟ್ಟೆ. ಒಂದು ಬದಿ ಸರಿ, ಇನ್ನೊಂದು ಬದಿ ಏರು.

ಇದರ ಮೂಲ ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋ. ಅದು ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಮೊದಲ ಬದಿಯ ಮೂರೂ ಹಾಡು ರೆಕಾರ್ಡ್ ಆದದ್ದು 1959ರ ಮಾರ್ಚ್ 2ರಂದು. ಅವತ್ತು ಮುಖ್ಯ ಟೇಪ್ ಮಷೀನು ಸ್ವಲ್ಪ ನಿಧಾನ ಓಡಿತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಮೇಲೇರುತ್ತದೆ. ಎರಡನೇ ಬದಿ ಏಪ್ರಿಲ್ 22ರದ್ದು, ಅದಕ್ಕೆ ಏನೂ ಆಗಿಲ್ಲ. ಜೊತೆಗೆ ಓಡಿಸಿದ್ದ ಇನ್ನೊಂದು ಮಷೀನಿನ ಟೇಪ್ ಸರಿಯಿತ್ತು. ಆದರೂ ಇದು ಸರಿಹೋಗುವುದಕ್ಕೆ 1990ರ ದಶಕ ಬರಬೇಕಾಯಿತು. ಅಲ್ಲಿಯವರೆಗೆ ಜಗತ್ತಿನ ತುಂಬ ಎಷ್ಟು ವಿದ್ಯಾರ್ಥಿಗಳು ಈ ರೆಕಾರ್ಡ್ ಜೊತೆ ನುಡಿಸಲು ಹೋಗಿ ತಮ್ಮ ಸ್ಯಾಕ್ಸೋಫೋನನ್ನೇ ಬೈದಿರಬಹುದು!

ನನ್ನ ಎಲ್‌ಪಿ ಹಳೇ ವೇಗದ್ದೇ ನಕಲು. ಯುರೋಪಿನಲ್ಲಿ ಈ ರೆಕಾರ್ಡಿಂಗಿನ ಹಕ್ಕು 50 ವರ್ಷಕ್ಕೆ ಮುಗಿದಿದೆ, ಹಾಗಾಗಿ ಯಾರು ಬೇಕಾದರೂ ಒತ್ತಿ ಮಾರಬಹುದು. ಮಾರಲಿ. ಯಾವ ಟೇಪಿನಿಂದ ಮಾಡಿದ್ದು ಅಂತ ಕವರಿನ ಮೇಲೆ ಒಂದು ಸಾಲಾದರೂ ಹಾಕಬಾರದಾ? ಅಂಗಡಿಯವನನ್ನು ಕೇಳಿದೆ. 'ಹೆವಿ ವಿನೈಲ್ ಸಾರ್' ಅಂದ.

1997ರ ಸಿಡಿಯಲ್ಲಿ ಶ್ರುತಿ ಪಕ್ಕಾ. ಬೆಲೆ ಎಲ್‌ಪಿಯ ಅರ್ಧವೂ ಇಲ್ಲ. ಹೆಡ್‌ಫೋನ್ ಹಾಕಿದರೆ ಎಡಕ್ಕೆ ಕೋಲ್ಟ್ರೇನ್, ಬಲಕ್ಕೆ ಕ್ಯಾನನ್‌ಬಾಲ್ ಆಡರ್ಲಿ, ಈ ಇಬ್ಬರು ಸ್ಯಾಕ್ಸೋಫೋನಿನವರ ಸ್ವಭಾವವೂ ಬೇರೆ ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ. ಒಬ್ಬ ತಡಕಾಡುತ್ತ ಹೋಗುತ್ತಾನೆ, ಇನ್ನೊಬ್ಬ ನಗುತ್ತ ಬರುತ್ತಾನೆ. ಎಡ-ಬಲ ಬೇರೆಯಾಗದ ಮೋನೊ ಆವೃತ್ತಿ ಬೇಡ ಅನ್ನುವುದು ಇದಕ್ಕೇ. ಕೊನೆಯಲ್ಲಿ 'ಫ್ಲಮೆಂಕೊ ಸ್ಕೆಚಸ್'ನ ಇನ್ನೊಂದು ಟೇಕ್ ಇದೆ. ಅದು ನನಗೆ ಮೂಲಕ್ಕಿಂತ ಒಂದು ಕೈ ಕಮ್ಮಿ.

ಸ್ಟ್ರೀಮಿಂಗ್‌ನಲ್ಲಿ ಕಂಪನಿಯೇ ಹಾಕಿದ್ದು ಸಿಕ್ಕಿದರೆ ಪರವಾಗಿಲ್ಲ. ಆದರೆ ಪಕ್ಕದಲ್ಲೇ ಕಂಡವರೆಲ್ಲ ಹಾಕಿದ ನಕಲುಗಳೂ ಇರುತ್ತವೆ. ಪಿಯಾನೋ ನುಡಿಸಿದ ಬಿಲ್ ಇವಾನ್ಸ್ ಕವರಿಗೆ ಬರೆದ ಟಿಪ್ಪಣಿ ಓದಲು ಸಿಗುವುದಿಲ್ಲ. ಬಸ್ಸಿನಲ್ಲಿ ಕೇಳುವುದಕ್ಕೆ ಸಾಕು.

ನೀವು ಸುಮ್ನೆ ಕೇಳುವವರಾದರೆ, ಎಲ್‌ಪಿಯಲ್ಲಿ ಈ ತಕರಾರು ಗೊತ್ತೇ ಆಗುವುದಿಲ್ಲ. ಹಳೇ ವೇಗದಲ್ಲಿ ಕೇಳಿ ಬೆಳೆದವರಿಗೆ ಸರಿಪಡಿಸಿದ್ದೇ ಸಪ್ಪೆ ಅನ್ನಿಸಬಹುದು. ನನಗೆ ಸಂಜೆ ಹೊತ್ತು ಕೀಬೋರ್ಡ್ ತೆಗೆಯಬೇಕು, ಕೈಯಲ್ಲಿ ದುಡ್ಡೂ ಜಾಸ್ತಿ ಇಲ್ಲ. ಎಲ್‌ಪಿಯನ್ನು ಮಾರುವುದಿಲ್ಲ, 'ಆಲ್ ಬ್ಲೂಸ್' ಬದಿ ಹೇಗೂ ಸರಿಯಿದೆಯಲ್ಲ.