ಹಳೆಯ ಕೈ ಉಪಕರಣಗಳ ಬೆಲೆ: ಗುಜರಿಯ ತಕ್ಕಡಿ, ಬಡಗಿಯ ಪರೀಕ್ಷೆ, ಅಂತರ್ಜಾಲದ ದರ

ಕೊಡಗಿನ ಹಳೆಯ ಕಾಫಿ ತೋಟಗಳ ಸ್ಟೋರುಗಳಲ್ಲಿ ಹತ್ತರಿ, ಉಳಿ, ಗರಗಸ, ವೈಸ್, ಸ್ಪ್ಯಾನರ್‌ಗಳು ತಲೆಮಾರುಗಳಿಂದ ಉಳಿದುಬಂದಿವೆ. ನಮ್ಮ ಮನೆಯಲ್ಲಿದ್ದವನ್ನು ಮಾರುವ ಮೊದಲು ಗುಜರಿ ಅಂಗಡಿಯಲ್ಲಿ, ಪರಿಚಯದ ಬಡಗಿಯೊಬ್ಬರಲ್ಲಿ ಮತ್ತು ಅಂತರ್ಜಾಲದಲ್ಲಿ, ಹೀಗೆ ಮೂರು ಕಡೆ ಬೆಲೆ ಕಟ್ಟಿಸಿ ನೋಡಿದೆ. ಒಂದೇ ವಸ್ತುವಿಗೆ ಮೂರು ಕಡೆಯೂ ಒಂದಕ್ಕೊಂದು ಹೊಂದದ ಬೆಲೆ ಬಂದಿತು.

ಗುಜರಿಯವರು ನೋಡುವುದು ತೂಕವನ್ನು ಮಾತ್ರ. ಸ್ಟ್ಯಾನ್ಲಿ ಕಂಪನಿಯ 4ನೇ ನಂಬರಿನ ಹತ್ತರಿ ಎರಡು ಕಿಲೋ ಕೂಡ ತೂಗುವುದಿಲ್ಲವಾದ್ದರಿಂದ, ಅಲ್ಲಿ ಅದಕ್ಕೆ ಒಂದು ಊಟದ ದುಡ್ಡು ಸಿಕ್ಕರೆ ಹೆಚ್ಚು. ಆದರೆ ಎರಕದ ಮೈ ಬಿರುಕು ಬಿಟ್ಟಿದ್ದರೆ ಆ ಬೆಲೆಯೇ ನ್ಯಾಯವಾದದ್ದು.

ಬಡಗಿಯವರು ನೋಡುವ ಕ್ರಮವೇ ಬೇರೆ, ಮತ್ತು ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಅದೇ. ಅವರು ಮೊದಲು ಹತ್ತರಿಯ ತಳವನ್ನು ಬೆಳಕಿಗೆ ಹಿಡಿದು, ಅಲಗು ಹೊರಬರುವ ಬಾಯಿಯ ಎರಡೂ ಬದಿಯಲ್ಲಿ ಬಿರುಕಿದೆಯೇ ಎಂದು ಹುಡುಕಿದರು. ಬಳಿಕ ಅಲಗನ್ನು ಬಿಚ್ಚಿ, ಸೀಳುಗಂಡಿಯಿಂದ ಅಂಚಿನವರೆಗೆ ಎಷ್ಟು ಉಕ್ಕು ಉಳಿದಿದೆ ಎಂದು ಅಳೆದರು. ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯದ ಕಬ್ಬಿಣವಿಲ್ಲ. ಮೇಲೆ ಕೂತ ಕೆಂಪು ತುಕ್ಕು ಉಜ್ಜಿದರೆ ಹೋಗುತ್ತದೆ, ಆದರೆ ಅಲಗಿನ ಚಪ್ಪಟೆ ಬದಿಯಲ್ಲಿ ಅಂಚಿನ ಬಳಿ ಗುಳಿ ಬಿದ್ದಿದ್ದರೆ ಅಲ್ಲಿ ಹರಿತವಾದ ಅಂಚು ಬರುವುದೇ ಇಲ್ಲ. ಉಳಿಯ ತುದಿ ನೀಲಿ ಬಣ್ಣಕ್ಕೆ ತಿರುಗಿದ್ದರೆ, ಗ್ರೈಂಡರಿನ ಬಿಸಿಗೆ ಅದರ ಹದ ಕೆಟ್ಟಿದೆ ಎಂದರ್ಥ. ಕೊನೆಗೆ ಹಲಸಿನ ತುಂಡಿನ ಮೇಲೆ ಓಡಿಸಿ ನೋಡಿದ ನಂತರವೇ ಅವರು ಬೆಲೆ ಹೇಳಿದರು. ಈಗ ಎಲ್ಲರ ಬಳಿಯೂ ವಿದ್ಯುತ್ ಹತ್ತರಿ ಇರುವುದರಿಂದ ಕೈ ಹತ್ತರಿಗೆ ಅವರು ಕೊಡುವ ಬೆಲೆ ಕಡಿಮೆಯೇ. ಒಳ್ಳೆಯ ಉಳಿ ಮತ್ತು ಸ್ಕ್ರೂ ಸವೆಯದ ವೈಸ್‌ಗೆ ಮಾತ್ರ ಕೈಬಿಚ್ಚಿ ಕೊಡುತ್ತಾರೆ.

ಅಂತರ್ಜಾಲದಲ್ಲಿ ಬೆಲೆ ನಿಲ್ಲುವುದು ಗುರುತುಗಳ ಮೇಲೆ. ಸ್ಟ್ಯಾನ್ಲಿ ಹತ್ತರಿಯಲ್ಲಿ ಅಲಗಿನ ಪೀಠದ ಹಿಂದೆ 1902ರ ಎರಡು ಪೇಟೆಂಟ್ ದಿನಾಂಕಗಳ ಜೊತೆ 1910ರ ದಿನಾಂಕವೂ ಇದ್ದರೆ, ಅದು 1910ಕ್ಕಿಂತ ಹಿಂದಿನದಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1931ರಿಂದ ತಯಾರಾದ ‘ರೆಕಾರ್ಡ್’ ಬ್ರಾಂಡಿನ ಹತ್ತರಿಗಳಲ್ಲಿ ನಂಬರಿನ ಮುಂದೆ ಸೊನ್ನೆ ಇರುತ್ತದೆ. ಅದರ 04 ಸ್ಟ್ಯಾನ್ಲಿಯ 4ಕ್ಕೆ ಸಮಾನ. ಗರಗಸದ ಹಿಡಿಯಲ್ಲಿರುವ ಹಿತ್ತಾಳೆ ಬಿಲ್ಲೆಯಲ್ಲಿ ಅಮೆರಿಕದ ಗರಗಸ ಕಂಪನಿ ಡಿಸ್ಟನ್‌ನ ಹೆಸರಿದ್ದರೆ ಸಂಗ್ರಾಹಕರು ಆಸಕ್ತಿ ತೋರಿಸುತ್ತಾರೆ, ಆದರೆ ಹದ್ದಿನ ಚಿತ್ರದೊಂದಿಗೆ ‘ವಾರಂಟೆಡ್ ಸುಪೀರಿಯರ್’ ಎಂದಷ್ಟೇ ಇರುವ ಬಿಲ್ಲೆಯನ್ನು ಹಲವು ತಯಾರಕರು ಬಳಸುತ್ತಿದ್ದುದರಿಂದ ಅದು ಯಾರ ಗರಗಸವೆಂದು ಹೇಳುವುದಿಲ್ಲ. ಮಾರುವವರು ಕೇಳುವ ಬೆಲೆಯನ್ನು ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆಯನ್ನೇ ನೋಡಬೇಕು. ಹೊರದೇಶದ ದರವಾದರೆ ಭಾರದ ಕಬ್ಬಿಣಕ್ಕೆ ತಗಲುವ ಸಾಗಣೆ ವೆಚ್ಚವನ್ನೂ ಕಳೆಯಬೇಕು. ಹೊಳಪಿಗಾಗಿ ಬಣ್ಣ ಬಳಿದರೆ ಅಥವಾ ಗ್ರೈಂಡರ್ ಹಿಡಿದರೆ ಸಂಗ್ರಾಹಕರು ಮುಟ್ಟುವುದೂ ಇಲ್ಲ.

ಆದ್ದರಿಂದ ಸ್ಪಷ್ಟ ಗುರುತಿರುವ, ಮೂಲ ಭಾಗಗಳೆಲ್ಲ ಇರುವ ಹತ್ತರಿ ಮತ್ತು ಗರಗಸಗಳಿಗೆ ಅಂತರ್ಜಾಲವನ್ನೂ, ಉಳಿ ಮತ್ತು ವೈಸ್‌ಗಳಿಗೆ ಬಡಗಿಯವರನ್ನೂ ಆರಿಸುತ್ತೇನೆ. ಅಂತರ್ಜಾಲಕ್ಕೆ ಹಾಕುವ ಮೊದಲೂ ಬಡಗಿಯವರಿಗೆ ಒಮ್ಮೆ ತೋರಿಸುವುದು ಒಳ್ಳೆಯದು, ಏಕೆಂದರೆ ಬಾಯಿಯ ಬಳಿಯ ಕೂದಲೆಳೆಯ ಬಿರುಕು ಫೋಟೋದಲ್ಲಿ ಕಾಣುವುದಿಲ್ಲ. ಕೊಡವರ ಸಾಂಪ್ರದಾಯಿಕ ಆಯುಧವಾದ ಮನೆತನದ ಒಡಿಕತ್ತಿಯನ್ನು ಮಾತ್ರ ಈ ಲೆಕ್ಕಕ್ಕೆ ತರಬಾರದು. ಅದು ಮಾರುವ ವಸ್ತುವಲ್ಲ.

ಸ್ಪ್ಯಾನರ್‌ಗಳನ್ನು ಈ ಮೂರೂ ಕಡೆಗಿಂತ ವರ್ಕ್‌ಶಾಪಿನವರಿಗೆ ತೋರಿಸುವುದು ಉತ್ತಮ. ಹಳೆಯ ಬ್ರಿಟಿಷ್ ಬೋಲ್ಟ್ ಅಳತೆಯಾದ ವಿಟ್‌ವರ್ತ್‌ನ ಸ್ಪ್ಯಾನರ್‌ನಲ್ಲಿ ಕೆತ್ತಿರುವ ಅಳತೆ ಬೋಲ್ಟಿನ ವ್ಯಾಸವನ್ನು ಹೇಳುತ್ತದೆಯೇ ಹೊರತು ಬಾಯಿಯ ಅಗಲವನ್ನಲ್ಲ. ಬ್ರಿಟಿಷ್ ಕಾಲದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ ಮಾಡುವವರಿಗೆ ಇದು ಗೊತ್ತಿರುವುದರಿಂದ, ಬಿಡಿಬಿಡಿಯಾಗಿ ಮಾರದೆ ಪೂರ್ತಿ ಸೆಟ್ಟನ್ನು ಜೋಡಿಸಿ ಅವರ ಮುಂದಿಟ್ಟರೆ ಒಳ್ಳೆಯ ಬೆಲೆಯನ್ನು ಧೈರ್ಯವಾಗಿ ಕೇಳಬಹುದು.