ತಾರ್ನ್ ಕಮರಿಗೆ ಸೈಕಲ್‌ನಲ್ಲಿ ಹೊರಟವರು ಮೊದಲು ಬ್ರೇಕ್ ನೋಡಿಕೊಳ್ಳಿ

ಬಲ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಎಡಗೈ ಒಂದರಲ್ಲೇ ಇದನ್ನು ಟೈಪ್ ಮಾಡುತ್ತಿದ್ದೇನೆ. ಕೈ ಸರಿಯಾದ ಮೇಲೆ ಬರೆದರಾಯಿತು ಅಂದುಕೊಂಡಿದ್ದೆ. ಆದರೆ ನನ್ನ ಫೋಟೋ ನೋಡಿ ಇಲ್ಲಿನ ಇಬ್ಬರು ಕನ್ನಡದ ಹುಡುಗರು ಮುಂದಿನ ವಾರವೇ ಅದೇ ದಾರಿಯಲ್ಲಿ ಹೊರಡುತ್ತೇವೆ ಎಂದರು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾನು ಇರುವುದು ದಕ್ಷಿಣ ಫ್ರಾನ್ಸಿನ ತುಲೂಸ್‌ನಲ್ಲಿ. ಆಗಸ್ಟ್‌ನಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಹಾಸನದ ಕಡೆಯ ಗೆಳೆಯನೊಬ್ಬ ಜೊತೆಗೆ ಬಂದ. ಮಿಯೊ ಊರಿನಿಂದ ಹೊರಟು ತಾರ್ನ್ ನದಿಯ ಕಮರಿ ಹಿಡಿದು ಸೇಂತ್ ಎನಿಮಿ, ಅಲ್ಲಿಂದ ಕೋಸ್ ಮೆಜಾಂ ಬಯಲು ಹತ್ತಿ ಆಚೆ ಮೇರುಯೆಸ್‌ಗೆ ಇಳಿಯುವುದು, ಆಮೇಲೆ ಪೆರ್ಜುರೆ ಕಣಿವೆದಾರಿ ದಾಟಿ ಫ್ಲೊರಾಕ್. ನಕ್ಷೆಯಲ್ಲಿ ನೋಡಿದರೆ ದಿನಕ್ಕೆ ಬರೀ ನಲವತ್ತು, ಅರವತ್ತು ಕಿಲೋಮೀಟರ್. ನನ್ನ ಹತ್ತಿರ ಸ್ವಂತ ಟೂರಿಂಗ್ ಸೈಕಲ್ ಇಲ್ಲ, ಬಾಡಿಗೆಗೆ ತೆಗೆದುಕೊಂಡೆ. ಯಾವ ಅಂಗಡಿ ಅಂತ ಹೇಳುವುದಿಲ್ಲ, ಯಾವ ಅಂಗಡಿಯಲ್ಲೂ ಹೀಗಾಗಬಹುದು.

ಸೈಕಲ್ ಕೊಟ್ಟ ದಿನ ಅಲ್ಲಿ ಬಹಳ ಗಡಿಬಿಡಿ. ಸೀಟಿನ ಎತ್ತರ ಸರಿಮಾಡಿದರು, ಟೈರಿಗೆ ಗಾಳಿ ಹಾಕಿದರು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ 'ಸೈಕಲನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ' ಎಂದಿತ್ತು. ಗೆಳೆಯ ಆಗಲೇ ಹೇಳಿದ್ದ, "ಅಣ್ಣಾ, ಒಂದ್ಸಲ ಚಕ್ರ ಎತ್ತಿ ತಿರುಗಿಸಿ ನೋಡಿ" ಅಂತ. ನಾನು ನೋಡಲಿಲ್ಲ. ಹೊಸ ಬಣ್ಣ, ಹೊಸ ಟೈರು, ಇನ್ನೇನು ನೋಡುವುದು ಅಂದುಕೊಂಡೆ.

ಮೊದಲ ದಿನ ನಿಜಕ್ಕೂ ಸುಖವಾಗಿತ್ತು. ಮಿಯೊದಿಂದ ಸೇಂತ್ ಎನಿಮಿಗೆ ಸುಮಾರು 60 ಕಿಲೋಮೀಟರ್. ರಸ್ತೆ ನದಿಯ ಪಕ್ಕದಲ್ಲೇ ಹೋಗುವುದರಿಂದ ದೊಡ್ಡ ಏರು ಇಲ್ಲ. ಎರಡೂ ಕಡೆ ನಾನೂರು, ಐನೂರು ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆ. ಕೆಳಗೆ ಹಸಿರು ನೀರು, ಅದರ ತುಂಬ ದೋಣಿ ಹುಟ್ಟು ಹಾಕುವ ಮಕ್ಕಳು. ಪಾ ದ ಸೂಸಿ ಅನ್ನುವ ಕಡೆ ಗುಡ್ಡ ಕುಸಿದು ಬಿದ್ದ ದೈತ್ಯ ಬಂಡೆಗಳ ಅಡಿಯಲ್ಲಿ ನದಿಯೇ ಮಾಯವಾಗುತ್ತದೆ, ಅಲ್ಲಿ ಅರ್ಧ ಗಂಟೆ ಕೂತಿದ್ದೆವು. ಬಂಡೆ ಕೊರೆದು ಮಾಡಿದ ಸಣ್ಣ ಸುರಂಗಗಳಲ್ಲಿ ಮಾತ್ರ ಎದೆ ಡವಡವ ಅನ್ನುತ್ತದೆ. ಬಿಸಿಲಿನಿಂದ ಒಳಗೆ ಹೋದ ತಕ್ಷಣ ನಮಗೂ ಏನೂ ಕಾಣುವುದಿಲ್ಲ, ಹಿಂದೆ ಬರುವ ಕ್ಯಾಂಪರ್ ವ್ಯಾನಿನವರಿಗೆ ನಾವೂ ಕಾಣುವುದಿಲ್ಲ. ಹಗಲಲ್ಲೂ ಹಿಂದಿನ ಕೆಂಪು ಲೈಟ್ ಹಾಕಿಟ್ಟುಕೊಳ್ಳಿ.

ಎರಡನೇ ದಿನ ಸೋಮವಾರ. ಸೇಂತ್ ಎನಿಮಿಯಿಂದ ಮೇಲೆ ಹತ್ತುವ ದಾರಿಯ ನಂಬರ್ ಡಿ986. ಬೆಳಗ್ಗೆ ಏಳಕ್ಕೆ ಹೊರಡಬೇಕಿತ್ತು. ಬ್ರೆಡ್ಡು, ಹಣ್ಣು ಅಂತ ಅಂಗಡಿ ಹುಡುಕಿಕೊಂಡು ಹತ್ತೂವರೆ ಮಾಡಿದೆವು. ಇಲ್ಲಿನ ಹಳ್ಳಿಗಳಲ್ಲಿ ಸೋಮವಾರ ಎಷ್ಟೋ ಅಂಗಡಿಗಳಿಗೆ ರಜೆ, ಉಳಿದ ದಿನವೂ ಮಧ್ಯಾಹ್ನ ಎರಡು ಗಂಟೆ ಹೊತ್ತು ಬಾಗಿಲು ಹಾಕಿರುತ್ತಾರೆ. ಹಿಂದಿನ ದಿನವೇ ಸಾಮಾನು ತೆಗೆದಿಟ್ಟುಕೊಳ್ಳಬೇಕು. ಊರು ಇರುವುದು 480 ಮೀಟರ್ ಎತ್ತರದಲ್ಲಿ, ಮೇಲಿನ ಕೋಪೆರ್ಲಾಕ್ ಕಣಿವೆದಾರಿ 907 ಮೀಟರ್. ಸೈಕಲ್ ಮೇಲೆ ಟೆಂಟು, ಸ್ಟೌವು, ಬಟ್ಟೆ ಎಲ್ಲ ಸೇರಿ 18 ಕಿಲೋ. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು, ನೆರಳೇ ಇಲ್ಲ.

ನೀರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾವು ಮಲೆನಾಡಿನ ಘಾಟಿ ನೋಡಿ ಬೆಳೆದವರು. ಘಾಟಿ ಅಂದರೆ ತಿರುವಿಗೊಂದು ಝರಿ ಇರುತ್ತದೆ ಅಂತಲೇ ನಮ್ಮ ತಲೆಯಲ್ಲಿ ಕೂತಿರುತ್ತದೆ, ಅಲ್ವಾ? ಕೋಸ್ ಹಾಗಲ್ಲ. ಅದು ಸುಣ್ಣಕಲ್ಲಿನ ಬಯಲು. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಒಳಗಿಳಿದು ಕೆಳಗೆ ಕಮರಿಯಲ್ಲಿ ಬುಗ್ಗೆಯಾಗಿ ಬರುತ್ತದೆ. ಮೇಲೆ ಹೊಳೆ ಇಲ್ಲ, ತೊರೆ ಇಲ್ಲ. ಕುರಿಗಳಿಗೆ ಅಂತ ಕಲ್ಲು ಹಾಸಿದ ಹೊಂಡಗಳಿವೆ, ಆ ನೀರು ಮನುಷ್ಯರು ಕುಡಿಯುವುದಲ್ಲ. ಆವೆನ್ ಅರ್ಮಾಂ ಎಂಬ ದೊಡ್ಡ ಗುಹೆಯ ಹತ್ತಿರ ಪ್ರವಾಸಿಗರ ಕಟ್ಟಡ ಸಿಗುವವರೆಗೆ ನಮಗೆ ಒಂದು ತೊಟ್ಟು ನೀರು ಸಿಗಲಿಲ್ಲ. ತಲೆಗೆ ಮೂರು ಲೀಟರ್ ತುಂಬಿಕೊಂಡೇ ಹತ್ತಿ. ನಲ್ಲಿ ಮೇಲೆ 'ನೋಂ ಪೋತಾಬ್ಲ್' ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ.

ಇಷ್ಟಾದರೂ ಹತ್ತುವಾಗ ಆದದ್ದು ಸುಸ್ತು ಮಾತ್ರ. ಅಪಾಯ ಕಾದಿದ್ದದ್ದು ಇಳಿಯುವಾಗ. ಗುಹೆಯ ಹತ್ತಿರ ಒಂದು ಗಂಟೆ ಮಲಗಿ ಎದ್ದು ಮೇರುಯೆಸ್ ಕಡೆ ಹೊರಟೆವು. ಸಾವಿರ ಮೀಟರ್ ಹತ್ತಿರದ ಬಯಲಿನಿಂದ 700 ಮೀಟರ್‌ನಲ್ಲಿರುವ ಊರಿಗೆ ರಸ್ತೆ ತಿರುವಿ ತಿರುವಿ ಇಳಿಯುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಪ್ರಪಾತ. ನಾನು ಹೆದರಿ ಬ್ರೇಕ್ ಬಿಡಲೇ ಇಲ್ಲ. ಹಿಂದಿನ ಚಕ್ರದ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇಳಿದರೆ ಕ್ಷೇಮ ಅಂತ ಎಡಗೈ ಬಿಗಿಹಿಡಿದಿದ್ದೆ.

ಇಲ್ಲಿ ಗಮನ ಕೊಡಿ, ಈ ಬರಹ ಬರೆಯುತ್ತಿರುವುದೇ ಇದಕ್ಕಾಗಿ. ನಮ್ಮೂರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಫ್ರಾನ್ಸಿನಲ್ಲಿ ಉಲ್ಟಾ. ಎಡಗೈ ಒತ್ತಿದರೆ ಮುಂದಿನ ಚಕ್ರ ಹಿಡಿಯುತ್ತದೆ. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಮೊದಲ ದಿನ ಬೆಳಗ್ಗೆ ಗಮನಿಸಿದ್ದೆ. ಆದರೆ ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆಯಾಗಲಿಲ್ಲ, ಮರೆತೆ. ಇಳಿಜಾರಿನಲ್ಲಿ, ಭಯದಲ್ಲಿ, ಕೈಗೆ ಗೊತ್ತಿರುವುದು ಹತ್ತನೇ ವಯಸ್ಸಿನಲ್ಲಿ ಅಟ್ಲಾಸ್ ಸೈಕಲ್ ಮೇಲೆ ಕಲಿತದ್ದು ಮಾತ್ರ. ಹಿಂದಿನ ಬ್ರೇಕು ಅಂದುಕೊಂಡು ನಾನು ಮೂರ್ನಾಲ್ಕು ಕಿಲೋಮೀಟರ್ ಉದ್ದಕ್ಕೂ ಮುಂದಿನ ರಿಮ್ ಉಜ್ಜುತ್ತಾ ಬಂದಿದ್ದೆ.

ಹಿಂದೆ ಬರುತ್ತಿದ್ದ ಗೆಳೆಯ ಕೂಗಿದ, "ಅಣ್ಣಾ, ರಬ್ಬರ್ ಸುಟ್ಟ ವಾಸನೆ ಬರ್ತಿದೆ."

"ಯಾವುದೋ ಕಾರಿನದಿರಬೇಕು, ಬಾರೋ" ಅಂದೆ.

ಆಮೇಲಿನ ತಿರುವಿನಲ್ಲಿ ಗುಂಡು ಹಾರಿದಂಥ ಶಬ್ದ. ಉಜ್ಜಿ ಉಜ್ಜಿ ರಿಮ್ ಕಾದು ಮುಂದಿನ ಟ್ಯೂಬು ಸಿಡಿದಿತ್ತು. ಹ್ಯಾಂಡಲ್ ಅಡ್ಡಾದಿಡ್ಡಿ ಎಳೆಯಿತು, ಗಾಬರಿಯಲ್ಲಿ ಎಡಗೈ ಇನ್ನೂ ಗಟ್ಟಿ ಒತ್ತಿದೆ. ಅಲ್ಲೇ ರಸ್ತೆಗೆ ಹೊಸದಾಗಿ ಡಾಂಬರು ಹಾಕಿ ಜಲ್ಲಿ ಪುಡಿ ಹರಡಿದ್ದರು. ಹಿಂದಿನ ತಿರುವಿನಲ್ಲಿ 'ಗ್ರಾವಿಯೋಂ' ಅಂತ ಫಲಕ ಇತ್ತು, ನಾನು ಓದಿರಲಿಲ್ಲ. ಆ ಪದ ಕಂಡರೆ ರಸ್ತೆ ಮೇಲೆ ಬಿಡಿ ಜಲ್ಲಿ ಇದೆ ಅಂತ ಅರ್ಥ, ಇಳಿದು ತಳ್ಳಿಕೊಂಡು ಹೋದರೂ ನಾಚಿಕೆಯಿಲ್ಲ. ಪುಣ್ಯಕ್ಕೆ ನಾನು ಗುಡ್ಡದ ಕಡೆಗೆ ಬಿದ್ದೆ. ಇನ್ನೊಂದು ಕಡೆ ಬಿದ್ದಿದ್ದರೆ ಅನ್ನುವ ಯೋಚನೆ ಈಗಲೂ ರಾತ್ರಿ ನಿದ್ದೆ ಕೆಡಿಸುತ್ತದೆ.

ಗೆಳೆಯ ಸೈಕಲ್ ಬದಿಗೆಳೆದು ಮುಂದಿನ ರಿಮ್ ಮೇಲೆ ಬಾಟಲಿಯ ನೀರು ಹಾಕಿದ. ಕಾದ ತವದ ಮೇಲೆ ಹಾಕಿದಂತೆ ಚುಂಯ್ ಅಂತು. ಬ್ರೇಕ್ ಶೂ, ಅಂದರೆ ರಿಮ್ ಹಿಡಿಯುವ ರಬ್ಬರ್ ತುಂಡು, ಬಿಚ್ಚಿ ನನ್ನ ಕಣ್ಣ ಮುಂದೆ ಹಿಡಿದ. ಅದರ ಮೇಲೆ ಇರಬೇಕಾದ ಗೀರುಗಳು ಒಂದೂ ಇರಲಿಲ್ಲ. ಒಂದು ಕಡೆ ರಬ್ಬರ್ ಪೂರ್ತಿ ಸವೆದು ಒಳಗಿನ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಎರಡು ದಿನದಲ್ಲಿ ಅಷ್ಟು ಸವೆಯುವುದಿಲ್ಲ. ಕೊಟ್ಟಾಗಲೇ ಹಾಗಿತ್ತು.

ಕಮರಿಯ ಆ ಬದಿಯಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಅವನು ಎರಡು ತಿರುವು ವಾಪಸ್ ಹತ್ತಿ 112ಕ್ಕೆ ಫೋನ್ ಮಾಡಿದ. ಎಲ್ಲಿದ್ದೀರಿ ಎಂದು ಕೇಳಿದರೆ ಹೇಳಲು ಅವನ ಹತ್ತಿರ ಇದ್ದದ್ದು ರಸ್ತೆ ನಂಬರ್, ಯಾವ ಊರಿನಿಂದ ಯಾವ ಊರಿಗೆ ಅನ್ನುವುದು, ಅಷ್ಟೇ. ಅದು ಸಾಕಾಯಿತು. ಹಾಗಾಗಿ ಹೋಗುತ್ತಾ ಹೋಗುತ್ತಾ ರಸ್ತೆ ನಂಬರ್ ತಲೆಯಲ್ಲಿಟ್ಟುಕೊಳ್ಳಿ. ಬಂದದ್ದು ಪೊಂಪಿಯೇ, ಅಂದರೆ ಅಗ್ನಿಶಾಮಕ ದಳದವರು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಅಪಘಾತಕ್ಕೂ ಅವರೇ ಬರುತ್ತಾರೆ. ಎಷ್ಟು ನಾಜೂಕಾಗಿ ನನ್ನನ್ನು ಎತ್ತಿದರೆಂದರೆ, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಕಾಲರ್ ಬೋನ್ ಮುರಿದಿತ್ತು. ಹೆಲ್ಮೆಟ್ ಎರಡು ಕಡೆ ಸೀಳಿತ್ತು. ದೊಡ್ಡವರಿಗೆ ಇಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ದಯವಿಟ್ಟು ಹಾಕಿಕೊಳ್ಳಿ.

ಮರುದಿನ ನಾವು ದಾಟಬೇಕಿದ್ದ ಪೆರ್ಜುರೆ ಬಗ್ಗೆ ಆಸ್ಪತ್ರೆಯಲ್ಲಿ ಮಲಗಿ ಓದಿದೆ. 1960ರ ಜುಲೈ 10ರಂದು ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ಮಿಯೊದಿಂದ ಹೊರಟು ಅದೇ ದಾರಿಯಲ್ಲಿ ಬಂದಿತ್ತು. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ತುಳಿದ ದಾಖಲೆ ಇದ್ದ ರೋಜೆ ರಿವಿಯೇರ್, ಇಳಿತದಲ್ಲಿ ಇಟಲಿಯ ಓಟಗಾರ ನೆನ್ಚಿನಿಯ ಬೆನ್ನು ಹಿಡಿಯಲು ಹೋಗಿ ಕಂದಕಕ್ಕೆ ಬಿದ್ದ. ಬೆನ್ನುಮೂಳೆ ಮುರಿಯಿತು. ಇಪ್ಪತ್ನಾಲ್ಕನೇ ವಯಸ್ಸಿಗೇ ಅವನ ಓಟ ಮುಗಿಯಿತು. ಮೊದಲು ಬ್ರೇಕ್ ಕೈಕೊಟ್ಟಿತು ಅಂದ. ಆಮೇಲೆ ತಿಳಿದದ್ದು, ನೋವಿನ ಔಷಧ ತೆಗೆದುಕೊಂಡಿದ್ದ, ಬೆರಳಿಗೆ ಬ್ರೇಕ್ ಒತ್ತುವ ಸ್ವಾಧೀನ ಇರಲಿಲ್ಲ ಅಂತ. ಅಂಥ ಓಟಗಾರನಿಗೇ ಹಾಗಾದ ನಾಡು ಅದು. ನನ್ನ ಬೆರಳೂ ಆ ದಿನ ಹಿಡಿದು ಹಿಡಿದು ಜೋಮು ಹಿಡಿದಿದ್ದವು.

ಅಂಗಡಿಯವರು ನನ್ನ ಠೇವಣಿ ವಾಪಸ್ ಕೊಡಲಿಲ್ಲ. ಸಹಿ ಹಾಕಿದ ಕಾಗದ ತೋರಿಸಿದರು. ನನ್ನ ಹತ್ತಿರ ಮೊದಲ ದಿನದ ಒಂದೂ ಫೋಟೋ ಇಲ್ಲ. ನೀವು ಬಾಡಿಗೆಗೆ ತೆಗೆದುಕೊಂಡರೆ ಅಲ್ಲೇ ನಿಂತು ನಾಲ್ಕೂ ಬ್ರೇಕ್ ಶೂಗಳ ಫೋಟೋ ಹೊಡೆಯಿರಿ. ಗೀರು ಅಳಿಸಿದ್ದರೆ ಬದಲಾಯಿಸಿ ಕೊಡಿ ಅನ್ನಿ. ಎಡಗೈ, ಬಲಗೈ ಯಾವ ಚಕ್ರಕ್ಕೆ ಅಂತ ನೋಡಿ. ಕೇಳಿದರೆ ತಂತಿ ಅದಲುಬದಲು ಮಾಡಿಕೊಡುವವರೂ ಇದ್ದಾರೆ. ಆಗದಿದ್ದರೆ ಹಿಂದಿನ ಬ್ರೇಕಿನ ಹಿಡಿಗೆ ಕೆಂಪು ಟೇಪು ಸುತ್ತಿ. ಒಂದು ಜೊತೆ ಹೊಸ ಶೂ ಬ್ಯಾಗಿನಲ್ಲಿರಲಿ, ಹಳ್ಳಿಯಲ್ಲಿ ಸಿಗುವುದಿಲ್ಲ.

ಇಳಿಯುವಾಗ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ. ತಿರುವು ಬರುವ ಮುಂಚೆ ಎರಡೂ ಬ್ರೇಕು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ, ರಿಮ್‌ಗೆ ಗಾಳಿ ತಾಗಲಿ. ಎರಡು ಕಿಲೋಮೀಟರಿಗೊಮ್ಮೆ ಜಾಗ ನೋಡಿ ನಿಲ್ಲಿ. ರಿಮ್ಮಿನ ಹತ್ತಿರ ಅಂಗೈ ತಂದರೇ ಬಿಸಿ ಗೊತ್ತಾಗುತ್ತದೆ, ಮುಟ್ಟಬೇಡಿ. ಜೊತೆಯವರು ವಾಸನೆ ಬರ್ತಿದೆ ಅಂದರೆ ಆ ಕ್ಷಣವೇ ನಿಲ್ಲಿಸಿ.

ಮುಂದಿನ ವಾರ ಹೊರಟಿರುವ ಆ ಇಬ್ಬರಿಗೆ: ನೀರು ಎಲ್ಲೆಲ್ಲಿ ಸಿಗುತ್ತದೆ ಅಂತ ಗುರುತು ಹಾಕಿದ ನಕ್ಷೆ ನನ್ನ ಹತ್ತಿರ ಇದೆ. ಶನಿವಾರ ಸಂಜೆ ಮನೆಗೆ ಬನ್ನಿ, ಸೈಕಲ್ ತಗೊಂಡೇ ಬನ್ನಿ. ಬ್ರೇಕ್ ನಾನೇ ನೋಡುತ್ತೇನೆ.